ಸಿಂಡಿಕೇಟ್ ಎಂಬ ಊರ ಚಾವಡಿ

ಹೋದ ವರ್ಷ ಒಂದು ದಿನ ನಾವು ಆರು ಜನ ಒಂದು ವಿಶ್ವವಿದ್ಯಾಲಯದ ಆಡಳಿತ ಕಚೇರಿ ಮುಂದಿನ ಹೊಂಗೆ ಮರದ ಕೆಳಗೆ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದರವರೆಗೆ ನಿಂತಿದ್ದೆವು. ಮೇಲೆ ಮಹಡಿಯಲ್ಲಿ ಸಿಂಡಿಕೇಟ್ ಸಭೆ. ನಮ್ಮ ಕೈಯಲ್ಲಿ ಒಂದೂವರೆ ಪುಟದ ಅರ್ಜಿ. ಎಂಟು ತಿಂಗಳಿಂದ ಫೆಲೋಶಿಪ್ ಬಂದಿಲ್ಲ, ಮೆಸ್ ಬಿಲ್ಲು ಕಟ್ಟದವರ ಹೆಸರನ್ನು ಹಾಸ್ಟೆಲ್ ಬೋರ್ಡಿನಲ್ಲಿ ಬರೆದು ಹಾಕಿದ್ದಾರೆ, ಒಬ್ಬ ಗೆಳೆಯ ಥೀಸಿಸ್ ಅರ್ಧಕ್ಕೇ ಬಿಟ್ಟು ಬೆಂಗಳೂರಲ್ಲಿ ಗೋಡೌನ್ ಕಾವಲಿಗೆ ಹೋಗಿದ್ದಾನೆ. ಇಷ್ಟೇ ಅದರಲ್ಲಿ ಇದ್ದದ್ದು.

ಮಧ್ಯಾಹ್ನ ಅಟೆಂಡರ್ ಅಣ್ಣ ಕೆಳಗಿಳಿದು ಬಂದ. ನಮ್ಮ ಜನವೇ. ಬೀಡಿ ಹಚ್ಚಿಕೊಂಡು ನಮ್ಮ ಮುಖ ನೋಡಿ ಅಂದ: "ನಿಮ್ ವಿಷ್ಯ ಇನ್ನೂ ಬಂದಿಲ್ಲ ಕಣ್ರಪ್ಪಾ. ಕಾಫಿ ಮಾತ್ರ ಎರಡ್ ಸಲ ಹೋಯ್ತು."

ಸಂಜೆ ಕಾರುಗಳು ಒಂದೊಂದಾಗಿ ಹೊರಟವು. ನಮ್ಮ ಹೆಸರಿನಲ್ಲಿ ಆ ಸಭೆಯಲ್ಲಿ ಕುರ್ಚಿ ಪಡೆದಿದ್ದವರು ಕೊನೆಗೆ ಇಳಿದು ಬಂದರು. ಭುಜ ತಟ್ಟಿದರು. "ಅಜೆಂಡಾದಲ್ಲಿ ಇರ್ಲಿಲ್ಲ ತಮ್ಮಾ, ಮುಂದಿನ ಸಲ ನೋಡೋಣ" ಅಂದರು. ಅವರ ಮೇಲೆ ನಮಗೆ ಸಿಟ್ಟು ಬರಲಿಲ್ಲ. ನಮ್ಮ ಮೇಲೇ ಬಂತು. ಯಾಕೆಂದರೆ ಆ ಅಜೆಂಡಾ ಎಂಬುದನ್ನು ಯಾರು ಬರೀತಾರೆ, ಆ ಮೇಜಿನ ಸುತ್ತ ಯಾರು ಕೂರುತ್ತಾರೆ, ಅವರನ್ನು ಅಲ್ಲಿ ಕೂರಿಸಿದವರು ಯಾರು, ಆ ಬಾಗಿಲಿನೊಳಗೆ ಏನೇನು ತೀರ್ಮಾನವಾಗುತ್ತದೆ - ಆರು ವರ್ಷ ಅದೇ ಆವರಣದಲ್ಲಿ ಅನ್ನ ಉಂಡ ನಮಗೆ ಇದೊಂದೂ ಗೊತ್ತಿರಲಿಲ್ಲ.

ಬಂಧುಗಳೇ, ಈ ಲೇಖನ ಆ ಅಜ್ಞಾನದ ತಪ್ಪೊಪ್ಪಿಗೆ. ನಮಗೆ ಗೊತ್ತಾದದ್ದನ್ನು ನಿಮಗೂ ಹೇಳುತ್ತಿದ್ದೇವೆ.

ಹಾಸ್ಟೆಲ್ಲಿಗಾಗಿ ಹೋರಾಡಿದ್ದೇವೆ, ಸ್ಕಾಲರ್‌ಶಿಪ್ಪಿಗಾಗಿ, ಸೀಟಿಗಾಗಿ, ಅನ್ನದಲ್ಲಿ ಹುಳ ಇದ್ದದ್ದಕ್ಕಾಗಿ ಹೋರಾಡಿದ್ದೇವೆ. ಎಲ್ಲವೂ ಸರಿ. ಆದರೆ ಇವೆಲ್ಲ ತೀರ್ಮಾನವಾಗುವ ಮೇಜಿನ ಬಗ್ಗೆ ನಾವು ಕೇಳಿಯೇ ಇಲ್ಲ. ವಾರ್ಡನ್ ಮೇಲೆ ಕೂಗಿದೆವು. ವಾರ್ಡನ್ನನ್ನು ನೇಮಿಸಿದವರ ಮೇಲೆ ಕೂಗಲಿಲ್ಲ. ಕುಲಪತಿಗಳಿಗೆ ಘೇರಾವ್ ಹಾಕಿದೆವು. ಕುಲಪತಿಗಳು ಯಾರಿಗೆ ಲೆಕ್ಕ ಒಪ್ಪಿಸಬೇಕು ಅಂತ ವಿಚಾರಿಸಲಿಲ್ಲ.

ಅಂದಹಾಗೆ ಈ ಹೆಸರುಗಳನ್ನೇ ನೋಡಿ. ಕುಲಪತಿ, ಕುಲಸಚಿವ, ಕುಲಾಧಿಪತಿ. ಪಂಡಿತರು ಇದು ಗುರುಕುಲದ ಕುಲ ಅಂತ ಅರ್ಥ ಬಿಡಿಸಿ ಹೇಳಬಹುದು. ಆ ಗುರುಕುಲದಲ್ಲಿ ನಮ್ಮ ತಾತಂದಿರು ಇದ್ದರೇ? ಇರಲಿಲ್ಲ. ಹಾಗಾಗಿ ಕುಲ ಅನ್ನೋ ಪದ ನಮ್ಮ ಕಿವಿಗೆ ಬೇರೆ ರೀತಿಯಲ್ಲೇ ಕೇಳಿಸುತ್ತದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಊರ ಚಾವಡಿ ಇರುತ್ತದೆ. ನ್ಯಾಯ ಸೇರಿದಾಗ ಗೌಡರು, ಶಾನುಭೋಗರು, ಯಜಮಾನರು ಜಗುಲಿ ಮೇಲೆ. ನಮ್ಮ ಕುಳವಾಡಿ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ. ಊರಿನ ಎಲ್ಲ ಹೊಲದ ಎಲ್ಲೆ ಅವನಿಗೆ ಗೊತ್ತು. ಯಾವ ಬದು ಯಾರದು, ಯಾವ ಕಲ್ಲು ಯಾವತ್ತು ಸರಿದಿದೆ, ಎಲ್ಲ ಗೊತ್ತು. ಜಗಳ ಬಂದರೆ ಅವನನ್ನು ಕರೆಸಿ ಕೇಳುತ್ತಿದ್ದರು. ಅವನು ಸಾಕ್ಷಿ ಹೇಳುತ್ತಿದ್ದ. ತೀರ್ಮಾನ ಹೇಳುತ್ತಿರಲಿಲ್ಲ. ಅಷ್ಟೂ ಹೊಲದ ಎಲ್ಲೆ ಬಲ್ಲವನಿಗೆ ಹೊಲ ಮಾತ್ರ ಇರುತ್ತಿರಲಿಲ್ಲ, ಅಥವಾ ಗೇಣಗಲ ಇನಾಮು.

ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟ್ ಎಂಬುದು ಫ್ಯಾನು ಹಾಕಿದ ಚಾವಡಿ. ಅಲ್ಲಿ ನಮಗೂ ಒಂದು ಕುರ್ಚಿ ಇದೆ. ಆದರೆ ಅದು ಕುಳವಾಡಿಯ ಜಾಗ. ಇದನ್ನು ನಾವು ಸುಮ್ಮನೆ ಬಾಯಿಚಪಲಕ್ಕೆ ಹೇಳುತ್ತಿಲ್ಲ. ಇದರ ಚರಿತ್ರೆ ನೋಡಿ.

1856ರ ಜೂನ್ ತಿಂಗಳು. ನಮ್ಮದೇ ಧಾರವಾಡ. ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಹೋದ. ಸೇರಿಸಿಕೊಳ್ಳಲಿಲ್ಲ. ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಬರೆದ. ಇವನೊಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುತ್ತಾರೆ ಎಂಬ ಲೆಕ್ಕ ಹಾಕಿ ಸರ್ಕಾರ ಕೈ ತೊಳೆದುಕೊಂಡಿತು. ಆ ಹುಡುಗ ಮುಂದೆ ಏನಾದ ಎಂದು ಯಾರೂ ಬರೆದಿಡಲಿಲ್ಲ. ಬಾಬಾಸಾಹೇಬರು ಮಾತ್ರ ಮರೆಯಲಿಲ್ಲ. 1928ರಲ್ಲಿ ಸೈಮನ್ ಕಮಿಷನ್ನಿನ ಮುಂದೆ ಈ ಪ್ರಕರಣವನ್ನು ಎತ್ತಿ ಇಟ್ಟರು.

ಆ ಹುಡುಗನನ್ನು ಹೊರಗೆ ನಿಲ್ಲಿಸಿದ ಮರುವರ್ಷವೇ, 1857ರಲ್ಲಿ, ಬೊಂಬಾಯಿ ವಿಶ್ವವಿದ್ಯಾಲಯ ಹುಟ್ಟಿತು. ಅದೇ ವರ್ಷ ಕಲ್ಕತ್ತ, ಮದ್ರಾಸು. ಮೂರಕ್ಕೂ ಲಂಡನ್ ವಿಶ್ವವಿದ್ಯಾಲಯವೇ ಅಚ್ಚು. ಪಾಠ ಹೇಳುವುದು ಕಾಲೇಜುಗಳು, ಪರೀಕ್ಷೆ ಮಾಡಿ ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ಆಡಳಿತಕ್ಕೆ ಸೆನೆಟ್ ಅಂತ ಒಂದು ದೊಡ್ಡ ಸಭೆ. ಅದರ ಸದಸ್ಯರಿಗೆ ಫೆಲೋಗಳು ಅಂತ ಹೆಸರು. ದಿನದಿನದ ಕೆಲಸಕ್ಕೆ ಅದರೊಳಗಿಂದ ಒಂದು ಸಣ್ಣ ಮಂಡಳಿ, ಅದೇ ಸಿಂಡಿಕೇಟ್. ಫೆಲೋಗಳನ್ನು ಸರ್ಕಾರ ನೇಮಿಸುತ್ತಿತ್ತು, ಅದೂ ಜೀವನಪರ್ಯಂತ. ಸಾಹೇಬರು, ಶ್ರೀಮಂತರು, ಜಡ್ಜಿಗಳು, ಸರ್ಕಾರಕ್ಕೆ ಬೇಕಾದವರು. ಗೌರವದ ಪೇಟ ಇದ್ದ ಹಾಗೆ. ಧಾರವಾಡದ ಆ ಹುಡುಗನಂಥವನು ಆ ಮೇಜಿನ ಹತ್ತಿರ ಬರುವ ಮಾತೇ ಇರಲಿಲ್ಲ. ಧಾರವಾಡ ಸೀಮೆಯ ಕಾಲೇಜುಗಳೆಲ್ಲ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ತನಕ ಬೊಂಬಾಯಿ ಮೇಜಿನ ಕೆಳಗೇ ಇದ್ದವು.

1904ರಲ್ಲಿ ಕರ್ಜನ್ ಹೊಸ ಕಾನೂನು ತಂದ. ಫೆಲೋಗಳ ಅವಧಿ ಐದು ವರ್ಷಕ್ಕೆ ಇಳಿಯಿತು. ಆ ಮೂರು ಹಳೆಯ ವಿಶ್ವವಿದ್ಯಾಲಯಗಳ ಸೆನೆಟ್ ಗಾತ್ರ ಐವತ್ತರಿಂದ ನೂರು ಅಂತ ಗೊತ್ತಾಯಿತು. ಅದರಲ್ಲಿ ಹತ್ತು ಸ್ಥಾನ ನೋಂದಾಯಿತ ಪದವೀಧರರು ಚುನಾಯಿಸಬಹುದು. ಹೆಚ್ಚಿನ ಪಾಲು ಸರ್ಕಾರದ ನಾಮಕರಣವೇ. ಅಂದಿನ ದೇಶಾಭಿಮಾನಿಗಳು ಇದು ಸ್ವಾಯತ್ತತೆಯ ಕೊಲೆ ಅಂತ ಕೂಗಾಡಿದರು. ಕೂಗಿದ್ದು ಸರಿಯೇ. ಆದರೆ ನಾವು ಇನ್ನೊಂದು ಪ್ರಶ್ನೆ ಕೇಳುತ್ತೇವೆ: ಕರ್ಜನ್ ನಾಮಕರಣ ಮಾಡಿದರೂ, ಪದವೀಧರರು ಆರಿಸಿದರೂ, ಒಳಗೆ ಹೋಗುತ್ತಿದ್ದದ್ದು ಅವೇ ಮನೆಯವರಲ್ಲವೇ? ಜಗಳ ಜಗುಲಿ ಮೇಲಿದ್ದವರ ನಡುವೆ. ಕೆಳಗೆ ನಿಂತವನಿಗೆ ಎರಡು ಕಡೆಯಿಂದಲೂ ಸಿಗೋದು ಏನೂ ಇರಲಿಲ್ಲ.

ಈ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಎತ್ತಿದವರು ಬಾಬಾಸಾಹೇಬರೇ. 1927ರಲ್ಲಿ ಅವರು ಬೊಂಬಾಯಿ ಶಾಸನ ಪರಿಷತ್ತಿನ ನಾಮಕರಣ ಸದಸ್ಯರು. ಆ ವರ್ಷದ ಮಾರ್ಚಿಯಲ್ಲಿ ಶಿಕ್ಷಣದ ಖರ್ಚಿನ ಚರ್ಚೆಯಲ್ಲಿ ಅವರು ಒಂದು ಲೆಕ್ಕ ಇಟ್ಟರು. ಕಾಲೇಜು ಮೆಟ್ಟಿಲು ಹತ್ತಿದವರು ಎರಡು ಲಕ್ಷ ಜನಸಂಖ್ಯೆಗೆ ಎಷ್ಟು? ಮುಂದುವರಿದ ಹಿಂದೂಗಳಲ್ಲಿ 1000. ಮುಸಲ್ಮಾನರಲ್ಲಿ 52. ಮಧ್ಯಮ ಜಾತಿಗಳಲ್ಲಿ 14. ಕೊನೆಯವರಲ್ಲಿ ಸೊನ್ನೆ, ಬಹಳವಾದರೆ ಒಬ್ಬ.

ಅದೇ ವರ್ಷ ಬೊಂಬಾಯಿ ವಿಶ್ವವಿದ್ಯಾಲಯದ ಕಾಯ್ದೆ ತಿದ್ದುಪಡಿಗೆ ಬಂತು. ಜುಲೈನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಅವರು ಎದ್ದು ಮಾತಾಡಿದರು. ಸೆನೆಟ್ ಎಂಬುದು ವಿದ್ವಾಂಸರ ಕೂಟ, ಅಲ್ಲಿ ಜಾತಿ ಪ್ರಾತಿನಿಧ್ಯ ಯಾಕೆ ಎಂಬುದು ಎದುರಾಳಿಗಳ ವಾದ. ಇವತ್ತೂ ಅದೇ ಹಾಡು ತಾನೆ? ಬಾಬಾಸಾಹೇಬರ ಉತ್ತರದ ತಿರುಳು ಇದು: ವಿಶ್ವವಿದ್ಯಾಲಯ ಅಂದರೆ ಬುದ್ಧಿ ಇದ್ದೂ ಹಣವಿಲ್ಲದೆ, ಬೇರೆ ಅಡ್ಡಿಗಳಿಂದ ಓದಲಾಗದವರಿಗೆ ಓದಿನ ಅನುಕೂಲ ತಲುಪಿಸುವ ಯಂತ್ರ. ಆ ಅನುಕೂಲವನ್ನು ಹಂಚುವ ಮಂಡಳಿಯಲ್ಲಿ ಅದು ಯಾರಿಗೆ ಬೇಕೋ ಅವರು ಇರಲೇಬೇಕು. ಬೇರೆ ಸವಲತ್ತುಗಳನ್ನು ಬೇಕಾದರೆ ಬಿಟ್ಟೇವು, ಉನ್ನತ ಶಿಕ್ಷಣದ ಹಕ್ಕನ್ನು ಬಿಡೆವು ಎಂಬುದು ಅವರ ಮಾತಿನ ಅರ್ಥ.

ಗಮನಿಸಿ. ನಮ್ಮ ಹುಡುಗರು ಕಾಲೇಜಿನಲ್ಲಿ ಸೊನ್ನೆ ಇದ್ದ ಕಾಲದಲ್ಲೇ ಅವರು ಸೆನೆಟ್ಟಿನ ಕುರ್ಚಿ ಕೇಳಿದರು. ಮೊದಲು ಸೀಟು ಕೊಡಿ, ಮೇಜಿನ ಮಾತು ಆಮೇಲೆ ಅನ್ನಲಿಲ್ಲ. ಮೇಜು ಇಲ್ಲದಿದ್ದರೆ ಸೀಟೂ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮುಂದೆ 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿ, 1946ರಲ್ಲಿ ಬೊಂಬಾಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಬೇರೆಯವರ ಮೇಜಿಗೆ ಕಾದು ಸಾಕಾಗಿ ತಮ್ಮದೇ ಮೇಜು ಮಾಡಿಸಿದರು ಅಂತ ನಾವು ಓದಿಕೊಳ್ಳುತ್ತೇವೆ.

ಇತ್ತ ನಮ್ಮ ಮೈಸೂರಿಗೆ ಬನ್ನಿ. 1916ರ ಜುಲೈ 27ಕ್ಕೆ ಮೈಸೂರು ವಿಶ್ವವಿದ್ಯಾಲಯ. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು, ವಿಶ್ವೇಶ್ವರಯ್ಯನವರು ದಿವಾನರು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ದೇಶದಲ್ಲೇ ಮೊದಲನೆಯದು ಅಂತ ನಾವು ಹೆಮ್ಮೆಪಡುವ ಸಂಸ್ಥೆ. ಹೆಮ್ಮೆ ಇರಲಿ. ಅದಾದ ಎರಡೇ ವರ್ಷಕ್ಕೆ, 1918ರಲ್ಲಿ, ಅದೇ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು. ಯಾಕೆ? ಓದಿ ಹೊರಬಂದವರೂ, ನೌಕರಿ ಹಿಡಿದವರೂ ಒಂದೇ ಅಗ್ರಹಾರದವರು ಅಂತ ಬ್ರಾಹ್ಮಣೇತರರು ದೂರಿದ್ದರಿಂದ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಬರಬೇಕು ಅಂತ ಸಮಿತಿ ಹೇಳಿತು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ದಕ್ಷತೆ ಕೆಡುತ್ತದೆ ಅಂದರು. ದಿವಾನಗಿರಿ ಬಿಟ್ಟರು. ಅಣೆಕಟ್ಟು ಕಟ್ಟಿದವರ ಬಗ್ಗೆ ನಮಗೆ ಅಗೌರವ ಇಲ್ಲ. ಆದರೆ ದಕ್ಷತೆ ಅನ್ನುವ ಪದ ನಮ್ಮ ನಾಡಿನಲ್ಲಿ ಎಷ್ಟು ಹಳೆಯದು ಅಂತ ಗೊತ್ತಿರಲಿ. ಮಿಲ್ಲರ್ ಸಮಿತಿಯ ಹಿಂದುಳಿದವರಲ್ಲಿ ಕೂಡ ನಾವು ಕೊನೆಯ ಪಂಕ್ತಿ. ಬಡಿಸುತ್ತಾ ಬರುವಷ್ಟರಲ್ಲಿ ಪಾಯಸ ಮುಗಿದಿರುತ್ತದೆ.

ಇನ್ನು ನಮ್ಮ ಕಾಲಕ್ಕೆ. 1976ರಲ್ಲಿ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾನೂನು ಬಂತು. ಆಗ ಸೆನೆಟ್ ಇತ್ತು, ಸಿಂಡಿಕೇಟೂ ಇತ್ತು. ಸೆನೆಟ್ ದೊಡ್ಡ ಸಭೆ. ಗದ್ದಲದ ಸಭೆ. ಏನೇ ಆಗಲಿ, ನಾಲ್ಕು ಜನರ ಎದುರಿಗೆ ಬಜೆಟ್ ಇಡಬೇಕಿತ್ತು, ಪ್ರಶ್ನೆ ಕೇಳುವವರು ಇದ್ದರು. 2000ದ ಹೊಸ ಕಾನೂನು ಬಂದಾಗ ಸೆನೆಟ್ಟೇ ಹೋಯಿತು. ಉಳಿದದ್ದು ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿ, ಇಂಥವು. ಗದ್ದಲ ನಿಂತಿತು. ಪ್ರಶ್ನೆಯೂ ನಿಂತಿತು. ಪದವೀಧರರಿಗೆ, ಅಂದರೆ ಅಷ್ಟೊತ್ತಿಗೆ ಸಾವಿರ ಸಾವಿರ ಸಂಖ್ಯೆಯಲ್ಲಿ ಹೊರಬರುತ್ತಿದ್ದ ನಮ್ಮ ಅಕ್ಕ ಅಣ್ಣಂದಿರಿಗೆ, ತಾವು ಓದಿದ ವಿಶ್ವವಿದ್ಯಾಲಯದ ಆಡಳಿತದಲ್ಲಿ ಬಾಯಿಯೇ ಇಲ್ಲದಂತಾಯಿತು. ನಾವು ಪದವೀಧರರೇ ಇಲ್ಲದ ಕಾಲದಲ್ಲಿ ಪದವೀಧರರಿಗೆ ಓಟು ಇತ್ತು. ನಾವು ಪದವೀಧರರಾದ ಮೇಲೆ ಓಟು ಹೋಯಿತು. ಬೇಕಂತಲೇ ಮಾಡಿದರು ಅಂತ ನಾವು ಹೇಳುತ್ತಿಲ್ಲ. ಆದರೆ ಕೆರೆಗೆ ನಾವು ಇಳಿಯುವ ಹೊತ್ತಿಗೆ ನೀರು ಬತ್ತುವುದು ಇದೇ ಮೊದಲಲ್ಲ.

ಈಗ ಈ ಸಿಂಡಿಕೇಟಿನ ಕೈಯಲ್ಲಿ ಏನಿದೆ? ಎಲ್ಲ ಇದೆ. ಆಸ್ತಿ, ಜಮೀನು, ಕಟ್ಟಡ. ಬಜೆಟ್ಟಿಗೆ ಒಪ್ಪಿಗೆ. ನೇಮಕಾತಿ ಮಂಡಳಿ ಆರಿಸಿದ ಅಧ್ಯಾಪಕರ ಪಟ್ಟಿಗೆ ಒಪ್ಪಿಗೆ. ಕಾಲೇಜುಗಳ ಸಂಯೋಜನೆ. ನೌಕರರ ಮೇಲಿನ ಶಿಸ್ತು ಕ್ರಮ. ಅದರಲ್ಲಿ ಯಾರಿದ್ದಾರೆ? ಕುಲಪತಿಗಳು ಅಧ್ಯಕ್ಷರು. ಇಲಾಖೆಯ ಅಧಿಕಾರಿಗಳು, ಡೀನರು, ಪ್ರಿನ್ಸಿಪಾಲರು. ಕುಲಾಧಿಪತಿಗಳಾದ ರಾಜ್ಯಪಾಲರು ನಾಮಕರಣ ಮಾಡಿದವರು ಇಬ್ಬರು. ಸರ್ಕಾರ ನಾಮಕರಣ ಮಾಡಿದವರು ಆರು. ಆ ಆರರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಇಲ್ಲವೇ ಪಂಗಡ, ಒಬ್ಬರು ಹಿಂದುಳಿದ ವರ್ಗ, ಒಬ್ಬರು ಮಹಿಳೆ, ಒಬ್ಬರು ಅಲ್ಪಸಂಖ್ಯಾತರು.

ಜಾತಿ ಇಲ್ಲವೇ ಪಂಗಡ! ಹೊಲೆಯ, ಮಾದಿಗ, ಲಂಬಾಣಿ, ಭೋವಿ, ನಾಯಕ, ಸೋಲಿಗ, ಜೇನುಕುರುಬ - ಎಲ್ಲರಿಗೂ ಸೇರಿ ಒಂದು ಕುರ್ಚಿ. ಒಬ್ಬರು ಕೂತರೆ ಉಳಿದವರು ಮುಂದಿನ ಮೂರು ವರ್ಷಕ್ಕೆ ಕಾಯಬೇಕು.

ಆ ಒಂದು ಕುರ್ಚಿಗೂ ದಾರಿ ಯಾವುದು? ನಾಮಕರಣ. ಸರ್ಕಾರ ಬದಲಾದರೆ ನಾಮಕರಣವೂ ಬದಲು. ಬೆಂಗಳೂರಿಗೆ ಹೋಗಿ ಮಂತ್ರಿಗಳ ಮನೆ ಗೇಟಿನಲ್ಲಿ ನಿಂತವರಿಗೆ, ಪಕ್ಷದ ಬಾವುಟ ಹಿಡಿದವರಿಗೆ ಅದು ಸಿಗುತ್ತದೆ. ಇಲ್ಲಿ ನಮ್ಮ ತಪ್ಪನ್ನೂ ಹೇಳಲೇಬೇಕು. ನಮ್ಮವರೇ ಆ ಕುರ್ಚಿಯನ್ನು ನಿಗಮದ ಅಧ್ಯಕ್ಷಗಿರಿ ಸಿಗದವರ ಸಮಾಧಾನದ ಬಹುಮಾನ ಮಾಡಿಕೊಂಡಿದ್ದಾರೆ. ಹೋಗುತ್ತಾರೆ, ಸಹಿ ಹಾಕುತ್ತಾರೆ, ಭತ್ಯೆ ತಗೋತಾರೆ, ಕಾರಿಗೆ ಬೋರ್ಡು ಹಾಕ್ಕೋತಾರೆ. ಹಾಸ್ಟೆಲ್ಲಿಗೆ ಬಂದು "ಮಕ್ಕಳೇ, ಹೋದ ತಿಂಗಳು ಇಂಥ ತೀರ್ಮಾನ ಆಯ್ತು, ನಾನು ಹೀಗೆ ವಿರೋಧಿಸಿದೆ" ಅಂತ ಹೇಳಿದವರನ್ನು ನಾವು ಕಂಡಿಲ್ಲ. ಒಬ್ಬರೋ ಇಬ್ಬರೋ ಒಳಗೆ ಹೋರಾಡಿದವರೂ ಇರಬಹುದು. ಅವರ ಹೋರಾಟ ನಮಗೆ ಗೊತ್ತಾಗುವ ದಾರಿಯೇ ಇಲ್ಲ, ನಡಾವಳಿ ಕಪಾಟಿನೊಳಗೆ.

ಅಜೆಂಡಾದ ಗುಟ್ಟು ಇನ್ನೊಂದು. ವಿಷಯ ಪಟ್ಟಿ ತಯಾರಾಗುವುದು ಕುಲಸಚಿವರ ಕಚೇರಿಯಲ್ಲಿ. ಕೊನೆಯಲ್ಲಿ ಒಂದು ಸಾಲು: ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು. ನಮ್ಮ ಬದುಕು ಯಾವಾಗಲೂ ಆ ಇತರೆಯಲ್ಲಿ. ಅನುಮತಿ ಸಿಗುವ ಹೊತ್ತಿಗೆ ಸದಸ್ಯರಿಗೆ ಬಸ್ಸಿನ ಹೊತ್ತು.

ಮೇಜಿನ ಮೇಲೆ ಹೀಗೆ ಸದ್ದಿಲ್ಲದೆ ಏನು ಮಾಡಬಹುದು ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇವೆ.

ಮೊದಲನೆಯದು ರೋಸ್ಟರ್. 2017ರಲ್ಲಿ ಅಲಹಾಬಾದ್ ಹೈಕೋರ್ಟು ಅಧ್ಯಾಪಕರ ಮೀಸಲಾತಿಗೆ ಇಡೀ ವಿಶ್ವವಿದ್ಯಾಲಯವನ್ನು ಒಂದು ಘಟಕ ಅಂತ ಹಿಡಿಯಬೇಡಿ, ಒಂದೊಂದು ವಿಭಾಗವನ್ನೇ ಘಟಕ ಮಾಡಿ ಅಂದಿತು. 2018ರ ಮಾರ್ಚಿಯಲ್ಲಿ ಯುಜಿಸಿ ಹಾಗೇ ಆದೇಶ ಹೊರಡಿಸಿತು. ಕೇಳೋಕೆ ಬರೀ ಲೆಕ್ಕದ ವಿಷಯ. ಆದರೆ ಹದಿಮೂರು ಪಾಯಿಂಟಿನ ಪಟ್ಟಿಯಲ್ಲಿ ಹಿಂದುಳಿದ ವರ್ಗದ ಸರದಿ ನಾಲ್ಕನೆಯದಕ್ಕೆ, ಪರಿಶಿಷ್ಟ ಜಾತಿಯ ಸರದಿ ಏಳನೆಯದಕ್ಕೆ, ಪಂಗಡದ ಸರದಿ ಹದಿನಾಲ್ಕಕ್ಕೆ. ಆರು ಹುದ್ದೆ ಇರುವ ವಿಭಾಗದಲ್ಲಿ ನಮಗೆ ಸೊನ್ನೆ. ಅಂಥ ಇಪ್ಪತ್ತು ವಿಭಾಗ ಇದ್ದರೆ ನೂರಿಪ್ಪತ್ತು ಹುದ್ದೆ, ನಮಗೆ ಆಗಲೂ ಸೊನ್ನೆ. ಮೀಸಲಾತಿ ರದ್ದು ಅಂತ ಯಾರೂ ಹೇಳಲಿಲ್ಲ. ಘಟಕ ಅನ್ನೋ ಒಂದು ಪದ ಬದಲಾಯಿಸಿದರು, ಅಷ್ಟೆ. ದೇಶದ ತುಂಬ ಅಧ್ಯಾಪಕರು, ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ 2019ರಲ್ಲಿ ಕೇಂದ್ರೀಯ ವಿದ್ಯಾಸಂಸ್ಥೆಗಳಿಗೆ ಸಂಸ್ಥೆಯೇ ಘಟಕ ಅಂತ ಸಂಸತ್ತು ಕಾನೂನು ಮಾಡಬೇಕಾಯಿತು. ಬಂಧುಗಳೇ, ಬೀದಿಗೆ ಬಂದದ್ದರಿಂದ ಉಳಿಯಿತು. ಆದರೆ ಇಂಥ ಪದಗಳು ಮೊದಲು ಓಡಾಡುವುದು ಕಡತದಲ್ಲಿ, ಒಪ್ಪಿಗೆಯಾಗುವುದು ಮೇಜಿನ ಮೇಲೆ. ಅಲ್ಲಿ ಲೆಕ್ಕ ಬಲ್ಲ ನಮ್ಮವರು ಇಲ್ಲದಿದ್ದರೆ ಬೀದಿಗೆ ಸುದ್ದಿ ಬರುವಷ್ಟರಲ್ಲಿ ಹುದ್ದೆಗಳು ಹೋಗಿರುತ್ತವೆ.

ಎರಡನೆಯದನ್ನು ಬರೆಯಲು ಕೈ ನಡುಗುತ್ತದೆ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ, 2015ರ ಕೊನೆ. ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳನ್ನು ಹಾಸ್ಟೆಲ್ಲಿನಿಂದ ಹೊರಹಾಕಿದರು. ಕ್ಲಾಸಿಗೆ ಬರಬಹುದು, ಆದರೆ ಹಾಸ್ಟೆಲ್ಲಿಗೆ, ಆವರಣದ ಸಾರ್ವಜನಿಕ ಜಾಗಗಳಿಗೆ ಗುಂಪಾಗಿ ಬರುವಂತಿಲ್ಲ. ಇದಕ್ಕೆ ನಮ್ಮ ಹಳ್ಳಿಯಲ್ಲಿ ಬಹಿಷ್ಕಾರ ಅಂತ ಹೆಸರು. ಆ ಶಿಕ್ಷೆಗೆ ಮೊಹರು ಒತ್ತಿದ್ದು ಆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ಅಲ್ಲಿನ ಹೆಸರು ಎಕ್ಸಿಕ್ಯೂಟಿವ್ ಕೌನ್ಸಿಲ್. ಐವರೂ ಬಯಲಲ್ಲಿ ಗುಡಾರ ಹಾಕಿ ಮಲಗಿದರು. ಅದಕ್ಕೆ ವೆಲಿವಾಡ ಅಂತ ಹೆಸರಿಟ್ಟರು. ವೆಲಿವಾಡ ಅಂದರೆ ತೆಲುಗಿನಲ್ಲಿ ಊರ ಹೊರಗಿನ ಕೇರಿ. 2016ರ ಜನವರಿ 17ರಂದು ರೋಹಿತ್ ವೇಮುಲ ಪ್ರಾಣ ಬಿಟ್ಟ. ನಕ್ಷತ್ರಗಳ ಬಗ್ಗೆ ಬರೆಯಬೇಕೆಂದಿದ್ದ ಹುಡುಗ. ಆ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಅವತ್ತಿನ ವಿಷಯ ಒಂದು ಸಂಖ್ಯೆ, ಒಂದು ನಿರ್ಣಯ, ಕೆಳಗೆ ಸಹಿಗಳು. ಕತ್ತಿ ಹಿಡಿದವರನ್ನು ನಾವು ಗುರುತಿಸುತ್ತೇವೆ. ಪೆನ್ನು ಹಿಡಿದವರನ್ನು ಗುರುತಿಸಲು ಇನ್ನೂ ಕಲಿತಿಲ್ಲ.

ಇಲ್ಲಿ ಕೆಲವು ಗೆಳೆಯರು ಒಂದು ಮಾತು ಹೇಳುತ್ತಾರೆ. ಸಿಂಡಿಕೇಟಿನಲ್ಲಿ ರಾಜಕೀಯದವರು ತುಂಬಿ ಹಾಳಾಯಿತು, ಜಾತಿವಾರು ಕುರ್ಚಿ ಹಂಚಿ ಹಾಳಾಯಿತು, ಅದನ್ನು ಶುದ್ಧ ವಿದ್ವಾಂಸರಿಗೆ ಬಿಟ್ಟುಬಿಡಿ, ಸ್ವಾಯತ್ತತೆ ಉಳಿಯಲಿ ಅಂತ. ಅರ್ಧ ಮಾತು ನಿಜ. ಪಕ್ಷದ ಏಜೆಂಟರು ಕೂತು ನೇಮಕಾತಿಯ ವ್ಯಾಪಾರ ಮಾಡುವುದನ್ನು ನಾವೂ ವಿರೋಧಿಸುತ್ತೇವೆ. ಆ ವ್ಯಾಪಾರದಲ್ಲಿ ಮೊದಲು ಸಾಯುವವನು ದುಡ್ಡಿಲ್ಲದ ನಮ್ಮ ಹುಡುಗನೇ. ಆದರೆ ಶುದ್ಧ ವಿದ್ವಾಂಸರ ಕಾಲವೂ ಇತ್ತಲ್ಲ ಸ್ವಾಮಿ? 1857ರಿಂದ ಎಷ್ಟು ವರ್ಷ ಅವರೇ ಕೂತಿದ್ದರು? ಆಗ ಎರಡು ಲಕ್ಷಕ್ಕೆ ಸೊನ್ನೆ ಇದ್ದದ್ದು ಯಾರ ಕಣ್ಣಿಗಾದರೂ ಬಿತ್ತೇ? ಅದನ್ನು ಎಣಿಸಿ ಹೇಳಲು ಒಬ್ಬ ಅಂಬೇಡ್ಕರ್ ಹುಟ್ಟಬೇಕಾಯಿತು. ಸ್ವಾಯತ್ತತೆ ಬೇಕು, ನಿಜ. ಸರ್ಕಾರದಿಂದಲೂ ಬೇಕು, ಅಗ್ರಹಾರದಿಂದಲೂ ಬೇಕು, ಮಠದಿಂದಲೂ ಬೇಕು. ಒಂದರಿಂದ ಬಿಡಿಸಿ ಇನ್ನೊಂದರ ಕೈಗೆ ಕೊಡುವುದಕ್ಕೆ ಸ್ವಾಯತ್ತತೆ ಅನ್ನುವುದಿಲ್ಲ.

ಇನ್ನು ಕೆಲವು ನಮ್ಮ ಗೆಳೆಯರೇ ಕೇಳುತ್ತಾರೆ: ಹೊಟ್ಟೆಗಿಲ್ಲದವರಿಗೆ ಸಿಂಡಿಕೇಟ್ ಯಾಕ್ರೋ? ಭೂಮಿ ಹೋರಾಟ ಬಿಟ್ಟು ಮೇಜು ಕುರ್ಚಿ ಹೋರಾಟವಾ? ಈ ಮಾತನ್ನು ನಾವು ಹಗುರವಾಗಿ ತಗೊಳ್ಳುವುದಿಲ್ಲ. ಆದರೆ ನೆನಪು ಮಾಡಿಕೊಳ್ಳಿ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಬೂಸಾ ಮಾತಾಡಿದಾಗ ಹೊಡೆತ ಬಿದ್ದದ್ದು ಎಲ್ಲಿ? ಹಾಸ್ಟೆಲ್ಲಿನಲ್ಲಿ. ಅವರ ಮಂತ್ರಿಗಿರಿ ಹೋಯಿತು, ನಮ್ಮ ಹುಡುಗರ ತಲೆ ಒಡೆಯಿತು. ನಮ್ಮ ನಾಡಿನ ದಲಿತ ಚಳವಳಿ ಕಣ್ಣು ಬಿಟ್ಟದ್ದು ಆ ಕಾಲೇಜು, ಹಾಸ್ಟೆಲ್ಲುಗಳಿಂದಲೇ. ಆಮೇಲೆ ಅದು ಭೂಮಿಗೆ ಹೋಯಿತು, ಕೇರಿಗೆ ಹೋಯಿತು. ಮರಾಠವಾಡಾದಲ್ಲಿ ನೋಡಿ. 1978ರ ಜುಲೈ 27ರಂದು ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಲು ಮಹಾರಾಷ್ಟ್ರದ ಎರಡೂ ಸದನ ನಿರ್ಣಯ ಮಾಡಿದವು. ಬೆಂಕಿ ಬಿದ್ದದ್ದು ವಿಶ್ವವಿದ್ಯಾಲಯಕ್ಕಲ್ಲ, ಹಳ್ಳಿಗಳ ನಮ್ಮ ಕೇರಿಗೆ. ಹೆಸರು ಬರಲು 1994ರ ಜನವರಿ 14ರವರೆಗೆ ಕಾಯಬೇಕಾಯಿತು. ವಿಶ್ವವಿದ್ಯಾಲಯಕ್ಕೂ ಕೇರಿಗೂ ಸಂಬಂಧ ಇಲ್ಲ ಅನ್ನುವವರು ಆ ಸುಟ್ಟ ಗುಡಿಸಲುಗಳನ್ನು ಕೇಳಲಿ. ಅವರಿಗೆ ಆ ಸಂಬಂಧ ಚೆನ್ನಾಗಿ ಗೊತ್ತು. ನಮಗೇ ಗೊತ್ತಿಲ್ಲ.

ಹಾಗಾದರೆ ನಾವು ಕೇಳುವುದೇನು? ದೊಡ್ಡದೇನಲ್ಲ.

ಒಂದು: ಸಿಂಡಿಕೇಟಿನ ಪ್ರತಿ ಸಭೆಯ ವಿಷಯ ಪಟ್ಟಿ ಒಂದು ವಾರ ಮೊದಲು, ನಡಾವಳಿ ಒಂದು ತಿಂಗಳೊಳಗೆ, ಕನ್ನಡದಲ್ಲಿ, ಎಲ್ಲ ಹಾಸ್ಟೆಲ್ಲಿನ ನೋಟೀಸ್ ಬೋರ್ಡಿಗೆ ಬರಬೇಕು. 2005ರ ಮಾಹಿತಿ ಹಕ್ಕು ಕಾನೂನಿನ ನಾಲ್ಕನೇ ಸೆಕ್ಷನ್ನು ಯಾರೂ ಕೇಳದೆಯೇ ಮಾಹಿತಿ ಹೊರಗಿಡಿ ಅನ್ನುತ್ತದೆ. ನಮ್ಮ ಬೇಡಿಕೆ ಅದರಾಚೆಗೆ ಬಹಳ ದೂರ ಹೋಗಿಲ್ಲ.

ಎರಡು: ಪ್ರತಿ ಸಭೆಯ ಮೊದಲ ವಿಷಯವೇ ಮೀಸಲು ಹುದ್ದೆಗಳ ರೋಸ್ಟರ್, ಬ್ಯಾಕ್‌ಲಾಗ್, ಫೆಲೋಶಿಪ್ ಬಾಕಿ ಮತ್ತು ಪರಿಶಿಷ್ಟರ ಹೆಸರಿನ ಹಣದ ಲೆಕ್ಕ ಆಗಿರಬೇಕು. ಉಪಯೋಜನೆಯ ಹಣಕ್ಕೆ 2013ರಲ್ಲೇ ನಮ್ಮ ರಾಜ್ಯದಲ್ಲಿ ಕಾನೂನು ಇದೆ. 2022ರಲ್ಲಿ ಮೀಸಲಾತಿ ಪ್ರಮಾಣ ಜಾತಿಗೆ 15ರಿಂದ 17ಕ್ಕೆ, ಪಂಗಡಕ್ಕೆ 3ರಿಂದ 7ಕ್ಕೆ ಏರಿಸಿದ್ದಾರೆ. ಖಾಲಿ ಕುರ್ಚಿಗಳ ಮೇಲೆ ಶೇಕಡಾ ಎಷ್ಟು ಏರಿಸಿದರೇನು? ಹುದ್ದೆ ತುಂಬಿದ ಲೆಕ್ಕ ಬೇಕು.

ಮೂರು: ಜಾತಿಗೆ ಒಂದು, ಪಂಗಡಕ್ಕೆ ಒಂದು, ಬೇರೆ ಬೇರೆ ಕುರ್ಚಿ. ಅದರ ಜೊತೆಗೆ ಪದವೀಧರರು ಮತ್ತು ಸಂಶೋಧನಾ ವಿದ್ಯಾರ್ಥಿಗಳು ಓಟು ಹಾಕಿ ಆರಿಸಿದ ಸದಸ್ಯರು. ನಾಮಕರಣವಾದವರಿಗೆ ಮಂತ್ರಿಯ ಭಯ. ಆರಿಸಿ ಬಂದವರಿಗೆ ನಮ್ಮ ಭಯ ಇರುತ್ತದೆ.

ನಾಲ್ಕು: ಯಾವ ವಿದ್ಯಾರ್ಥಿಯನ್ನೂ ಅವನ ಮಾತು ಕೇಳದೆ, ಪರಿಶಿಷ್ಟರ ಘಟಕದ ಅಭಿಪ್ರಾಯ ಕಡತಕ್ಕೆ ಹಾಕದೆ, ಹಾಸ್ಟೆಲ್ಲಿನಿಂದ ಹೊರಹಾಕುವ ನಿರ್ಣಯಕ್ಕೆ ಒಪ್ಪಿಗೆ ಕೊಡಬಾರದು.

ಐದು: ಇದು ಸರ್ಕಾರಕ್ಕಲ್ಲ, ನಮ್ಮವರಿಗೇ. ನಮ್ಮ ಹೆಸರಿನಲ್ಲಿ ಕುರ್ಚಿ ಹತ್ತಿದವರು ವರ್ಷಕ್ಕೆರಡು ಸಲ ಹಾಸ್ಟೆಲ್ಲಿಗೆ ಬಂದು, ನೆಲದ ಮೇಲೆ ನಮ್ಮ ಜೊತೆ ಕೂತು, ಲೆಕ್ಕ ಒಪ್ಪಿಸಬೇಕು. ಬಾರದಿದ್ದರೆ ನಾವೇ ಅವರ ಮನೆಗೆ ಹೋಗುತ್ತೇವೆ.

ಇಷ್ಟಕ್ಕೆ ಸುಮ್ಮನೆ ಕೂರುವ ಹಾಗಿಲ್ಲ. ಪ್ರತಿ ವಿಶ್ವವಿದ್ಯಾಲಯದ ನಮ್ಮ ಗೆಳೆಯರು ಇಬ್ಬರು ಮೂವರು ಸೇರಿ ತಮ್ಮಲ್ಲಿನ ಕಾನೂನು ಓದಲಿ. ಕಳೆದ ಒಂದು ವರ್ಷದ ನಡಾವಳಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಲಿ. ಎಷ್ಟು ಸಲ ನಮ್ಮ ವಿಷಯ ಬಂತು, ಯಾರು ಏನಂದರು, ಬರೆದಿಡಲಿ. ಮುಂದಿನ ಸಮಾವೇಶಕ್ಕೆ ಘೋಷಣೆಯ ಜೊತೆ ಆ ಪಟ್ಟಿಯನ್ನೂ ತರಲಿ. ಘೋಷಣೆಗೆ ಅವರು ಕಿಟಕಿ ಮುಚ್ಚುತ್ತಾರೆ. ಪಟ್ಟಿಗೆ ಉತ್ತರ ಕೊಡಬೇಕಾಗುತ್ತದೆ.

ಆ ಸಂಜೆ ನಾವು ಅರ್ಜಿಯನ್ನು ಟಪಾಲು ಗುಮಾಸ್ತರ ಕೈಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆವು. ಹೊರಡುವಾಗ ಅಟೆಂಡರ್ ಅಣ್ಣ ಗೇಟಿನ ತನಕ ಬಂದ. ಇಪ್ಪತ್ತಾರು ವರ್ಷದಿಂದ ಆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತವನು. ಒಳಗಿನ ಎಲ್ಲ ತೀರ್ಮಾನ ಅವನಿಗೆ ಗೊತ್ತು. ಯಾವ ಹುದ್ದೆ ಯಾರಿಗೆ ಹೋಯಿತು, ಯಾವ ಕಡತ ಯಾವತ್ತು ಸರಿಯಿತು, ಎಲ್ಲ ಗೊತ್ತು. ನಮ್ಮ ಕುಳವಾಡಿ ತಾತ ಮ್ಯಾಪಿಗಿಂತ ಚೆನ್ನಾಗಿ ಎಲ್ಲೆ ಬಲ್ಲವನಾಗಿದ್ದ ಹಾಗೆ.

"ನನ್ ಮಗ್ಳು ಈ ವರ್ಷ ಬಿ.ಎ. ಕೊನೇದು" ಅಂದ. "ಎಂ.ಎ.ಗೆ ಇಲ್ಲಿಗೇ ಬರ್ತಾಳೆ. ಅವಳು ಬರೋ ಹೊತ್ಗಾದ್ರೂ ಏನಾದ್ರೂ ಮಾಡ್ರಪ್ಪಾ."

ಅವಳು ಬರುವ ಹೊತ್ತಿಗೆ ನಾವು ಇನ್ನೂ ಹೊಂಗೆ ಮರದ ಕೆಳಗೇ ನಿಂತಿರಬಾರದು. ಅಷ್ಟೇ ನಮ್ಮ ಹಟ.

ಜೈ ಭೀಮ್.